ನೀರಿಗಿಳಿದ ದೇವರ ಕಂಬ

ಈಜಿಪ್ಟಿನ ಲಕ್ಸರ್ ಪಟ್ಟಣಕ್ಕೆ ಹೋದವರು ಅಲ್ಲಿನ ಮಹಾದ್ವಾರಗಳನ್ನೂ ಮುಗಿಲೆತ್ತರದ ಕಂಬಗಳನ್ನೂ ಕತ್ತು ನೋಯುವವರೆಗೆ ತಲೆಯೆತ್ತಿ ನೋಡುತ್ತಾರೆ. ಅಲ್ಲಿಂದ ನದಿಯ ಕಡೆಗೆ ತುಸು ಇಳಿದರೆ ಒಂದು ಚಿಕ್ಕ ಗುಡಿ ಇದೆ. ಅದರ ಎಡಸಾಲಿನ ಮೂರನೆಯ ಕಂಬವನ್ನು ಮಾತ್ರ ಜನ ತಲೆ ಬಗ್ಗಿಸಿ ನೋಡುತ್ತಾರೆ. ನೀರಿಗಿಳಿದ ದೇವರ ಕಂಬ ಎಂದು ಅದರ ಹೆಸರು. ಬಿಸಿಲಿಗೆ ಕಾದ ಈ ಒಣ ನೆಲದಲ್ಲಿ ದೇವರು ಯಾವ ನೀರಿಗೆ ಇಳಿದನಪ್ಪಾ ಎಂದು ಕೇಳಿದರೆ, ಎಪ್ಪತ್ತು ದಾಟಿದ ಕಾವಲುಗಾರ ಬದಾವಿ ಮೊದಲು ನೆರಳಿನಲ್ಲಿ ಕೂರಿಸುತ್ತಾನೆ, ಆಮೇಲೆ ಕಥೆ ಹೇಳುತ್ತಾನೆ.

ಹಿಂದೆ ಒಮ್ಮೆ, ಫೇರೋಗಳು ಆಳುತ್ತಿದ್ದ ಕಾಲದಲ್ಲಿ, ಈ ಗುಡಿಯ ಕೆಲಸಕ್ಕೆ ಪಶೆದು ಎಂಬ ಶಿಲ್ಪಿಯಿದ್ದನಂತೆ. ಆಗಿನ ಕೆಲಸದ ರೀತಿಯೇ ಬೇರೆ. ಕಂಬ ಏರಿದಂತೆಲ್ಲ ಸುತ್ತಲೂ ಮಣ್ಣು ತುಂಬಿಸಿ, ಆ ಮಣ್ಣಿನ ಮೇಲೆಯೇ ಮುಂದಿನ ಕಲ್ಲನ್ನು ಎಳೆದು ತರುತ್ತಿದ್ದರು. ಕಂಬ ಮುಗಿಯುವ ಹೊತ್ತಿಗೆ ಮಂಟಪವೆಲ್ಲ ಮಣ್ಣಿನಲ್ಲಿ ಹೂತಿರುತ್ತಿತ್ತು. ಆಮೇಲೆ ಆಳುಗಳು ಮೇಲಿನಿಂದ ಮಣ್ಣು ತೆಗೆಯುತ್ತ ಬರುವುದು, ಬಯಲಾದಷ್ಟು ಕಲ್ಲನ್ನು ಶಿಲ್ಪಿ ಕೆತ್ತುತ್ತ ಇಳಿಯುವುದು. ಹಾಗಾಗಿ ದೇವರಿಗೆ ಮೊದಲು ಕಿರೀಟ, ಕಟ್ಟಕಡೆಗೆ ಪಾದ. ಪಶೆದುವಿಗೆ ಅಮೂನ್ ದೇವರೆಂದರೆ ಪ್ರಾಣ. ಕಿರೀಟದ ಜೋಡಿ ಗರಿಗಳನ್ನು ಅಳತೆಗಿಂತ ಒಂದು ಗೇಣು ಎತ್ತರವಾಗಿಯೇ ಕೆತ್ತಿದ. ಕೆಳಗೆ ಕಲ್ಲಿಗೇನು ಬರವೇ, ಮಣ್ಣಿನೊಳಗೆ ಬೇಕಾದಷ್ಟಿದೆ ಎಂದುಕೊಂಡ. ಅತಿಯಾದರೆ ಅಮೃತವೂ ವಿಷ, ಭಕ್ತಿಯೂ ಅಷ್ಟೆ. ಮಣ್ಣು ಪೂರ್ತಿ ತೆಗೆದ ದಿನ ನೋಡಿದರೆ ದೇವರ ಮೀನಖಂಡದ ನಡುವಿಗೇ ನೆಲ ಬಂದುಬಿಟ್ಟಿತ್ತು. ಪಾದಕ್ಕೆ ಜಾಗವೇ ಉಳಿದಿರಲಿಲ್ಲ.

ಪಾದವಿಲ್ಲದ ದೇವರು ಹೊರಗೆ ಬಂದು ಊರು ಕಾಯುವುದು ಹೇಗೆ? ಅಂಥ ತಪ್ಪು ಮಾಡಿದವನನ್ನು ಮರುಭೂಮಿಯ ಕಲ್ಲುಗಣಿಗೆ ಅಟ್ಟುತ್ತಿದ್ದರು, ಹೋದವರಲ್ಲಿ ಮರಳಿ ಬಂದವರು ಕಡಿಮೆ ಎನ್ನುತ್ತಾರೆ. ಪಶೆದು ಕಂಬದ ಬುಡಕ್ಕೆ ಮತ್ತೆ ಮಣ್ಣು ಮೆತ್ತಿ, ಕೆಲಸ ಇನ್ನೂ ಬಾಕಿಯಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತ ತಿಂಗಳು ದೂಡಿದ. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಿಜ ತಿಳಿದವಳು ಹೆಂಡತಿ ತಾಮೆರೆತ್ ಒಬ್ಬಳೇ.

"ಎಷ್ಟು ದಿನ ಅಂತ ಮಣ್ಣಲ್ಲಿ ಮುಚ್ಚಿಡ್ತೀರಿ? ನೀವೇ ಹೋಗಿ ಹೇಳಿಬಿಡಿ" ಎಂದಳು.

"ನಾಳೆ ಹೇಳ್ತೀನಿ" ಎಂದ. ದಿನವೂ ಅದೇ ಮಾತು.

ಅಷ್ಟರಲ್ಲಿ ನೈಲ್ ನದಿಯ ನೆರೆ ಬಂತು. ಆ ವರ್ಷ ಎಂದಿಗಿಂತ ಹೆಚ್ಚು. ದೇವರ ದೋಣಿಯ ಉತ್ಸವದ ದಿನವೇ ಕೆಂಪು ನೀರು ಗುಡಿಯೊಳಗೆ ನುಗ್ಗಿ ಮೊಣಕಾಲಿನ ಹತ್ತಿರ ನಿಂತಿತು. ಪಶೆದು ಮೆತ್ತಿದ್ದ ಮಣ್ಣು ಬೆಲ್ಲದ ಹಾಗೆ ಕರಗಿಹೋಯಿತು. ಹಿರಿಯ ಪೂಜಾರಿ ನೀರಿನಲ್ಲಿ ಕಾಲೆಳೆದುಕೊಂಡು ಬರುವುದನ್ನು ಪಶೆದು ಕಂಡ. ಇನ್ನು ತಾಳಲಾರೆ ಎನ್ನಿಸಿ ದಾರಿಗೆ ಅಡ್ಡ ಬಿದ್ದ.

"ಒಡೆಯಾ, ತಪ್ಪಾಯ್ತು. ಗರಿ ದೊಡ್ಡದು ಮಾಡಲಿಕ್ಕೆ ಹೋಗಿ ದೇವರಿಗೆ ಪಾದ ಇಲ್ಲದ ಹಾಗೆ ಮಾಡಿಬಿಟ್ಟೆ."

ಪೂಜಾರಿ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನೀರನ್ನು ನೋಡಿದ. ಆಮೇಲೆ ಕೇಳಿದ: "ನನ್ನ ಪಾದ ಕಾಣ್ತದೇನಪ್ಪಾ?"

"ಇಲ್ಲ, ಒಡೆಯಾ."

"ಹಾಗಂತ ನನಗೆ ಪಾದ ಇಲ್ವೇನು? ಊರೆಲ್ಲ ನೀರಿನಲ್ಲಿ ನಿಂತಿರುವಾಗ ಅವನೂ ಇಳಿದು ಬಂದಿದ್ದಾನೆ. ಏಳು."

"ನೀರು ಇಳಿದ ಮೇಲೆ?"

"ಇಳಿಯದ ನೀರು ಕೆತ್ತು. ಉಳಿ ನಿನ್ನ ಕೈಯಲ್ಲೇ ಇದೆಯಲ್ಲ."

ಪಶೆದುವಿಗೆ ಹೋದ ಜೀವ ಬಂದಂತಾಯಿತು. ನೀರಿನಲ್ಲೇ ಕೂತು ಅತ್ತ, ನಕ್ಕ. ಅಂದು ಮನೆಗೆ ಹೋಗಿ ಈರುಳ್ಳಿ ನಂಚಿಕೊಂಡು ನಾಲ್ಕು ರೊಟ್ಟಿ ತಿಂದನಂತೆ. ಐದನೆಯದನ್ನು ತಾಮೆರೆತ್ ತನಗೆಂದು ಎತ್ತಿಟ್ಟುಕೊಂಡಳಂತೆ.

ಇಂದಿಗೂ ಆ ಕಂಬದ ಬುಡದಲ್ಲಿ, ದೇವರ ಕಾಲು ಮುಗಿಯುವಲ್ಲಿ, ಅಂಕುಡೊಂಕಾದ ಅಲೆಗಳ ಸಾಲು ಕಾಣುತ್ತದೆ. ನೈಲ್ ನದಿಗೆ ಅಣೆಕಟ್ಟು ಬಂದ ಮೇಲೆ ಊರಿಗೆ ನೆರೆ ಬರುವುದು ನಿಂತೇಹೋಗಿದೆ. ಉಳಿದಿರುವುದು ಪಶೆದುವಿನ ನೀರು ಮಾತ್ರ. ದೇವರ ಪಾದ ಎಲ್ಲಿ ಎಂದು ಇದುವರೆಗೆ ಯಾರೂ ಕೇಳಿಲ್ಲ ಎನ್ನುತ್ತಾನೆ ಬದಾವಿ. ಕಂಬದ ಹತ್ತಿರ ಬಂದಾಗ ಎಷ್ಟೋ ಹೆಂಗಸರು, ತಮಗೇ ಅರಿವಿಲ್ಲದೆ, ಉಟ್ಟ ಬಟ್ಟೆಯ ಅಂಚನ್ನು ತುಸು ಮೇಲಕ್ಕೆತ್ತಿ ಹಿಡಿಯುತ್ತಾರಂತೆ.