ಮಡಿಯಲ್ಲಿ ಕೂರಿಸಿದ ಮದರ್‌ಬೋರ್ಡು

ತುಂಗಭದ್ರೆಯ ದಂಡೆಯ ಮೇಲೆ ಬಿಂದುಮಾಧವಾಚಾರ್ಯರ ಪಾಠಶಾಲೆ. ಅಲ್ಲಿ ದೇವರ ಮನೆಯ ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು.

ಆ ಕೋಣೆಗೆ ಸ್ನಾನ ಮಾಡಿ ಮಡಿ ಉಟ್ಟವರಿಗೆ ಮಾತ್ರ ಪ್ರವೇಶ. ಹಾಗಾಗಿ ಕಂಪ್ಯೂಟರೂ ಮಡಿಯಲ್ಲೇ ಬಾಳುತ್ತಿತ್ತು. ಏಕಾದಶಿಯ ದಿನ ಅದಕ್ಕೂ ಉಪವಾಸ. ಅಂದು ಅದರ ಸ್ವಿಚ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆಚಾರ್ಯರ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಅವರು ಒಂದು ವ್ಯಾಖ್ಯಾನವನ್ನು ಬಾಯಲ್ಲಿ ಹೇಳುತ್ತಿದ್ದರು, ಹಿರಿಯ ಶಿಷ್ಯ ಶ್ರೀಪಾದ ಮಗ್ಗುಲಲ್ಲಿ ಕೂತು ಟೈಪ್ ಮಾಡುತ್ತಿದ್ದ. ಗುರುಗಳ ಮಾತು ಎಲ್ಲರಿಗಿಂತ ಮೊದಲು ತನ್ನ ಕಿವಿಗೆ ಬೀಳುತ್ತದೆ ಎಂಬುದೇ ಅವನಿಗಿದ್ದ ಆಸ್ತಿ.

ಕಳೆದ ಚಾತುರ್ಮಾಸ್ಯದಲ್ಲಿ ಧೀರೇಂದ್ರ ಎಂಬ ತರುಣ ಕಲಿಯಲು ಬಂದ.

ಅಂದಿನಿಂದ ಪಾಠಶಾಲೆಯಲ್ಲಿ ಆಚಾರ್ಯರದು ಒಂದೇ ಕೂಗು. ಹೊಳೆಗೆ ಹೋಗುವುದಿದ್ದರೆ, ಧೀರೇಂದ್ರಾ, ಬಾ. ಪುಸ್ತಕ ಓದಿಸುವುದಿದ್ದರೆ, ಧೀರೇಂದ್ರಾ, ಬಾ. ಕುಡಿಯಲು ನೀರು ಬೇಕಾದರೂ ಧೀರೇಂದ್ರನೇ.

ಶ್ರೀಪಾದನ ಹೊಟ್ಟೆಗೆ ಬೆಂಕಿ ಬಿತ್ತು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ ಅಂತ ಅಡುಗೆಯವರ ಮುಂದೆ ನಗುತ್ತಲೇ ಹೇಳುತ್ತಿದ್ದ. ಆ ನಗು ತುಟಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಮಾಘ ಮಾಸದಲ್ಲಿ ಒಂದು ದಿನ, ಆಚಾರ್ಯರು ಇನ್ನೂ ವಾಕ್ಯ ಮುಗಿಸಿರಲಿಲ್ಲ, ಕಂಪ್ಯೂಟರ್ ಕಣ್ಣು ಮುಚ್ಚಿತು. ಶ್ರೀಪಾದ ಬಿಚ್ಚಿ ನೋಡಿದ. ಮದರ್‌ಬೋರ್ಡಿನ ಮೇಲಿನ ಪುಟ್ಟ ಡಬ್ಬಿಗಳಂಥವು ಉಬ್ಬಿ ಒಡೆದಿದ್ದವು. ಬೋರ್ಡು ಬದಲಿಸದೆ ಗತಿಯಿಲ್ಲ ಎಂದ.

ಆಚಾರ್ಯರು ಕೂಗಿದರು. "ಧೀರೇಂದ್ರಾ, ಬಾ. ಪ್ಯಾಟಿಗೆ ಹೋಗಿ ಬರಬೇಕು."

ಧೀರೇಂದ್ರ ಪೇಟೆಯ ಅಂಗಡಿಗಳನ್ನೆಲ್ಲ ಅಲೆದ. ಅಷ್ಟು ಹಳೆಯ ಬೋರ್ಡನ್ನು ಈಗ ಯಾರೂ ಮಾಡುವುದಿಲ್ಲ. ಕೊನೆಗೆ ಒಬ್ಬ ರಿಪೇರಿಯವನು ಗುಜರಿಯ ರಾಶಿಯಿಂದ ಒಂದನ್ನು ಹುಡುಕಿ, ಪರೀಕ್ಷಿಸಿ, ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿಕೊಟ್ಟ. ಇರುವುದು ಇದೊಂದೇ ಎಂದ.

ಧೀರೇಂದ್ರ ಬಸ್ಸಿಳಿದು ಬಂದಾಗ ಆಚಾರ್ಯರು ಹೊಳೆಗೆ ಹೊರಟಿದ್ದರು. ನೀನೂ ಸ್ನಾನ ಮಾಡಿಕೊಂಡು ಬಾ, ಆಮೇಲೆ ನೀನೇ ಬೋರ್ಡು ಕೂರಿಸು ಎಂದರು.

ಶ್ರೀಪಾದ ಕಂಬದ ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ. ನೀರು ಕೊಡುವ ಕೆಲಸ ಹೋಯಿತು, ಓದುವ ಕೆಲಸ ಹೋಯಿತು. ಈಗ ತಾನು ಇಷ್ಟು ವರ್ಷ ಕೂತ ಕಂಪ್ಯೂಟರೂ ಅವನ ಪಾಲು. ಹೀಗೇ ಬಿಟ್ಟರೆ ನಾಳೆ ಗುರುಗಳ ಮಗ್ಗುಲಲ್ಲಿ ಕೂರುವವನೂ ಅವನೇ.

ಅವನು ಆಗಲೇ ಸ್ನಾನ ಮುಗಿಸಿ ಉಣ್ಣೆಯ ಧಾಬಳಿ ಉಟ್ಟು, ಇನ್ನೊಂದನ್ನು ಹೆಗಲ ಮೇಲೆ ಹೊದ್ದಿದ್ದ. ಧಾಬಳಿಗಿಂತ ದೊಡ್ಡ ಮಡಿ ಇಲ್ಲ. ಹೊಸ್ತಿಲಲ್ಲಿ ನಿಂತು ಕೈ ಚಾಚಿದ.

"ಬಸ್ಸಿನಾಗ ಬಂದೀದಿ, ಮೈಲಿಗಿ. ಅಲ್ಲೇ ಇಡು. ನಾ ಕೂಡಸ್ತೀನಿ."

ಧೀರೇಂದ್ರ ಚೀಲವನ್ನು ನೆಲದ ಮೇಲಿಟ್ಟ.

"ಅಣ್ಣಾ, ಅಂಗಡಿಯವ್ರು ಒಂದು ಮಾತು ಹೇಳ್ಯಾರ. ಉಣ್ಣಿ ಅರಿವಿ ಉಟ್ಟು ಇದನ್ನ ಮುಟ್ಟಬಾರದಂತ, ಉಣ್ಣಿ ತಿಕ್ಕಿ ಮೈಯಾಗ ಕರೆಂಟ್ ಕೂಡ್ತದಂತ, ಅದು ತಾಗಿದ್ರ ಬೋರ್ಡು ಸುಡತದಂತ. ಮುಟ್ಟೋ ಮೊದಲ ಕೈಯನ್ನ ಕಬ್ಬಿಣಕ್ಕ ತಾಗಸಬೇಕಂತ."

"ನನ್ನ ಮಡಿ ಹೆಂಗಿರಬೇಕಂತ ಅಂಗಡಿಯವ ಹೇಳಬೇಕೇನು?"

ಧೀರೇಂದ್ರ ಒಂದು ಕ್ಷಣ ನಿಂತು ಅವನನ್ನೇ ನೋಡಿದ. ಆಮೇಲೆ ಪಂಚೆ ತೆಗೆದುಕೊಂಡು ಆಚಾರ್ಯರ ಹಿಂದೆ ಹೊಳೆಗೆ ಹೋದ.

ಇವನು ಸ್ನಾನ ಮಾಡಿ ಬರುವವರೆಗೆ ನನ್ನನ್ನು ತಡೆಯುವ ಉಪಾಯ ಇದು, ಪಾಪ, ಹೊಟ್ಟೆಕಿಚ್ಚು ಅಂದುಕೊಂಡ ಶ್ರೀಪಾದ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಬಸ್ಸಿನಲ್ಲಿ ಬಂದ ಬೋರ್ಡಿಗೆ ನೀರು ಚಿಮುಕಿಸಿ ಶುದ್ಧಿ ಮಾಡಬೇಕೆನಿಸಿತು. ಅದು ಬೇಡ ಎನ್ನುವಷ್ಟು ಬುದ್ಧಿ ಇನ್ನೂ ಉಳಿದಿತ್ತು. ತುಳಸಿ ಎಲೆಯನ್ನು ಚೀಲಕ್ಕೆ ಮುಟ್ಟಿಸಿ ತೃಪ್ತಿಪಟ್ಟುಕೊಂಡ.

ಕೆಲಸ ಅವನಿಗೆ ಗೊತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಹಳೆಯ ಬೋರ್ಡಿನ ತಂತಿಗಳನ್ನು ಒಂದೊಂದಾಗಿ ಕಿತ್ತು, ಸ್ಕ್ರೂ ಬಿಚ್ಚಿ, ಅದನ್ನು ಎತ್ತಿಟ್ಟ. ಹೆಗಲಿನಿಂದ ಜಾರುತ್ತಿದ್ದ ಧಾಬಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದ. ಹೊರಗೆ ಮಾಘದ ಒಣಗಾಳಿ ಬೀಸುತ್ತಿತ್ತು.

ಚೀಲದಿಂದ ಹೊಸ ಬೋರ್ಡು ತೆಗೆಯುವಾಗ ಬೆರಳ ತುದಿಯಲ್ಲಿ ಚಿಟ್ ಎಂದಿತು. ಸಣ್ಣ ನೀಲಿ ಕಿಡಿ. ಸೂಜಿ ಚುಚ್ಚಿದ ಹಾಗಾಯಿತು.

ಶ್ರೀಪಾದ ಬೆರಳು ಕೊಡವಿಕೊಂಡು ಕೆಲಸ ಮುಂದುವರಿಸಿದ. ಪ್ರೊಸೆಸರ್ ಕೂರಿಸಿ, ಅದರ ಫ್ಯಾನು ಬಿಗಿದು, ತಂತಿಗಳನ್ನೆಲ್ಲ ಅದರದರ ಜಾಗಕ್ಕೆ ಸಿಕ್ಕಿಸಿದ. ದೇವರ ಹೆಸರು ಹೇಳಿ ಸ್ವಿಚ್ಚು ಒತ್ತಿದ.

ಏನೂ ಆಗಲಿಲ್ಲ. ಫ್ಯಾನು ಕೂಡ ತಿರುಗಲಿಲ್ಲ.

ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ. ಆಗಲೂ ಇಲ್ಲ. ಬರೆದದ್ದು ಬೇರೆ ಡಿಸ್ಕಿನಲ್ಲಿ ಭದ್ರವಾಗಿತ್ತು, ಆದರೆ ವ್ಯಾಖ್ಯಾನದ ಕೊನೆಯ ಅಧ್ಯಾಯ ಇನ್ನೂ ಗುರುಗಳ ಬಾಯಲ್ಲೇ ಇತ್ತು.

ಹೊಳೆಯಿಂದ ಬಂದ ಆಚಾರ್ಯರು ಏನಾಯಿತೆಂದು ಕೇಳಿದರು. ಅವರ ಕೈ ಧೀರೇಂದ್ರನ ಭುಜದ ಮೇಲಿತ್ತು. ಅದನ್ನು ಕಂಡು ಶ್ರೀಪಾದನಿಗೆ ತಡೆಯಲಾಗಲಿಲ್ಲ.

"ನಾ ಮಾಡಿದ್ದರಾಗ ತಪ್ಪಿಲ್ಲ, ಆಚಾರ್ಯರ. ಇದಕ್ಕ ದೃಷ್ಟಿ ಆಗ್ಯದ. ಹೊಸ್ತಿಲದಾಗ ನಿಂತು ನೋಡಿದವರ ದೃಷ್ಟಿ."

ಧೀರೇಂದ್ರನ ಮುಖ ಇಳಿಯಿತು. ಬೆಳಗಿನಿಂದ ಬಿಸಿಲಲ್ಲಿ ಅಲೆದಿದ್ದ. ಆದರೂ ಧಾಬಳಿಯ ಮಾತು ಎತ್ತಲಿಲ್ಲ.

"ದೃಷ್ಟಿ ಆಗಿದ್ರ ತಗದ್ರಾತು" ಎಂದರು ಆಚಾರ್ಯರು.

ಹೆಂಗಸರು ಮಾಡುವ ಕೆಲಸ ಅದು. ಆದರೂ ಆಚಾರ್ಯರೇ ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ತರಿಸಿ, ಮುಷ್ಟಿಯಲ್ಲಿ ಹಿಡಿದು ಬೋರ್ಡಿನ ಸುತ್ತ ನಿವಾಳಿಸಿ ಇಳಿ ತೆಗೆದರು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಉರಿಯುವ ಒಲೆಗೆ ಎಸೆದರು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಅದು ಮನೆಮನೆಗೂ ಗೊತ್ತಿರುವ ವಿಷಯ.

ಘಾಟು ಭಗ್ಗನೆ ಎದ್ದಿತು. ಆಚಾರ್ಯರು ಕೆಮ್ಮಿದರು, ಧೀರೇಂದ್ರ ಕೆಮ್ಮಿದ, ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಓಡಿದರು. ಎಲ್ಲರಿಗಿಂತ ಹೆಚ್ಚು ಕೆಮ್ಮಿದವನು ಶ್ರೀಪಾದ.

ಆಚಾರ್ಯರು ಉತ್ತರೀಯದಿಂದ ಕಣ್ಣೊರೆಸಿಕೊಂಡರು. "ಧೀರೇಂದ್ರನ ಕಣ್ಣಾಗ ಏನೂ ಇಲ್ಲಪಾ."

ಶ್ರೀಪಾದ ಹೆಗಲ ಮೇಲಿನ ಧಾಬಳಿ ತೆಗೆದು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ.

"ತಪ್ಪು ನಂದು. ಧಾಬಳಿ ಉಟ್ಟು ಮುಟ್ಟಬ್ಯಾಡ ಅಂತ ಹೇಳಿದ್ದ. ಅವ ಹೇಳಿದ ಅಂತನೇ ನಾ ಕೇಳಲಿಲ್ಲ. ನೀವು ಅವನ ಹೆಸರು ಹಿಡಿದು ಕರದಾಗೊಮ್ಮೆ ನನ್ನ ಹೊಟ್ಟಿ ಉರೀತದ, ಆಚಾರ್ಯರ. ಇಷ್ಟು ವರ್ಷದಾಗ ನನ್ನ ಒಮ್ಮೆರೆ ಹಂಗ ಕರದೀರೇನು?"

ಆಚಾರ್ಯರು ನೆನಪು ಮಾಡಿಕೊಂಡರು.

"ಇಲ್ಲ."

"ಯಾಕ್ರಿ?"

"ದೂರ ಇದ್ದವರನ್ನ ಕರೀತೀವಿ. ಮಗ್ಗಲದಾಗ ಕೂತವನನ್ನ ಯಾರು ಕರೀತಾರ?"

ಶ್ರೀಪಾದನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ನಮಸ್ಕಾರ ಮಾಡಿ, ಅಂಗಳ ದಾಟಿ, ಹೊಳೆಯ ಕಡೆಗೆ ನಡೆದ. ಎಲ್ಲಿಗೆಂದು ಅವನಿಗೇ ಗೊತ್ತಿರಲಿಲ್ಲ. ಧೀರೇಂದ್ರ ಹಿಂದೆ ಓಡಲು ಹೊರಟಾಗ ಆಚಾರ್ಯರು ಅವನ ಕೈ ಹಿಡಿದು ನಿಲ್ಲಿಸಿದರು. ತಾವೇ ತಡವರಿಸುತ್ತ ಬಾಗಿಲಿಗೆ ಬಂದರು.

ಶ್ರೀಪಾದ ಹೊಳೆಯ ಮೆಟ್ಟಿಲು ಇಳಿಯುತ್ತಿದ್ದ. ಹಿಂದಿನಿಂದ ದನಿ ಕೇಳಿಸಿತು.

"ಶ್ರೀಪಾದಾ, ಬಾ."