ಮೊದಲ ಎಲೆ ಕೇಳಿದ ದೆವ್ವ

ಒಂದಾನೊಂದು ಊರು. ಯಾವ ಊರು ಅಂತ ಕೇಳಬೇಡಿ, ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಹೆಸರು ಹೇಳಿದ್ದೇನೆ. ಆ ಊರಲ್ಲಿ ಕೆಂಚವೀರಗೌಡ ಅಂತ ಒಬ್ಬನಿದ್ದನಂತೆ. ಅವನು ಮಣ್ಣಿನ ದೊಡ್ಡ ಮನೆ ಕಟ್ಟಿಸಿದನಂತೆ. ಹನ್ನೆರಡು ಅಂಕಣ ಅನ್ನುತ್ತಾರೆ. ನಾನು ಹದಿನಾರು ಅನ್ನುತ್ತೇನೆ, ಅಳೆಯೋಕೆ ಯಾರು ಬರುತ್ತಾರೆ?

ಆ ಗೋಡೆಗಳ ಮಣ್ಣನ್ನೆಲ್ಲ ತುಳಿದು ಹದ ಮಾಡಿದವಳು ಓಬಳಕ್ಕ ಅನ್ನೋ ಮುದುಕಿ. ಬಿಸಿಲಲ್ಲಿ ತುಳಿದಳು, ಚಳಿಯಲ್ಲಿ ತುಳಿದಳು, ಅಂಗಾಲು ಒಡೆದು ರಕ್ತ ಬಂದರೂ ತುಳಿದಳು. ಆ ಸೀಮೆಯಲ್ಲಿ ಒಂದು ಪದ್ಧತಿ: ಹೊಸ ಮನೆಯಲ್ಲಿ ಊಟದ ಮೊದಲ ಎಲೆ ಮನೆ ಕಟ್ಟಿದವರಿಗೆ. ಅವರು ಉಂಡೆದ್ದ ಮೇಲೆಯೇ ಯಜಮಾನ ತುತ್ತು ಮುಟ್ಟಬೇಕು. ಮನೆ ಹೊಗುವ ದಿನ ಓಬಳಕ್ಕ ತಲೆಗೆ ಎಣ್ಣೆ ಹಚ್ಚಿ, ಇದ್ದೊಂದು ಸೀರೆ ಒಗೆದುಟ್ಟು, ಪಡಸಾಲೆಯಲ್ಲಿ ಎಲೆ ಮುಂದೆ ಕೂತಳಂತೆ. ಗೌಡನ ಬೀಗರು ಬಂದಿದ್ದರು. "ಈ ಕೆಸರುಕಾಲಿನವಳನ್ನ ಯಾರು ಒಳಗೆ ಬಿಟ್ಟಿದ್ದು?" ಅಂತ ಗೌಡ ಅವಳ ರಟ್ಟೆ ಹಿಡಿದು ಎಬ್ಬಿಸಿದನಂತೆ. ಹೋಳಿಗೆ ಬಡಿಸಿಯಾಗಿದ್ದ ಎಲೆ ಅದು.

ಓಬಳಕ್ಕ ಎದ್ದು ಹೊರಟಳು. ಗುಡಿಸಲಿಗೆ ಹೋಗಿ ಮಲಗಿದವಳು ನೀರೂ ಮುಟ್ಟದೆ ಪ್ರಾಣ ಬಿಟ್ಟಳಂತೆ.

ಆಮೇಲೆ ಶುರುವಾಯಿತು. ಆ ಮನೆಯಲ್ಲಿ ಮುದ್ದೆ ಮುರಿದರೆ ಮಣ್ಣು, ಅನ್ನ ಕಲಸಿದರೆ ಮಣ್ಣು, ಹಾಲು ಕಾಯಿಸಿದರೆ ಕೆಸರು. ಹೊರಗಿಂದ ತಂದರೂ ಹೊಸ್ತಿಲು ದಾಟಿದೊಡನೆ ಮಣ್ಣು. ಸುಣ್ಣ ಹೊಡೆದ ಗೋಡೆಯ ಮೇಲೆ ಕೆಸರಿನ ಹೆಜ್ಜೆಗಳು ನೆಲದಿಂದ ತೊಲೆವರೆಗೆ ಹತ್ತಿ ಹೋಗುತ್ತಿದ್ದವಂತೆ. ಗೌಡ ಏನು ಮಾಡಿದ? ಆ ಜಾಗದಲ್ಲಿ ಮೊದಲೇ ಮಕ್ಕಳನ್ನು ತಿನ್ನೋ ಮೋಹಿನಿ ಇದ್ದಳು ಅಂತ ಕಥೆ ಹಬ್ಬಿಸಿದ. ಊರವರು ಅದಕ್ಕೆ ಕೋರೆಹಲ್ಲು ಸೇರಿಸಿದರು, ಹಿಮ್ಮಡಿ ಮುಂದಕ್ಕೆ ತಿರುಗಿಸಿದರು. ಉರಿಯೋ ಜಡೆ ನಾನೇ ಸೇರಿಸಿದ್ದು, ಅದು ಬೇರೆ ಮಾತು. ಸುಳ್ಳು ಬೆಳೆದಷ್ಟೂ ಓಬಳಕ್ಕನ ಸಿಟ್ಟು ಬೆಳೆಯಿತು.

ಉಳಿದವರು ಹೊರಗೆಲ್ಲೋ ಉಂಡು ಬರುತ್ತಿದ್ದರು, ಆದರೆ ಗೌಡನ ಸೊಸೆ ನೀಲವ್ವ ಹಸಿ ಬಾಣಂತಿ, ದಿನಾ ಹೊರಗೆ ಹೋಗಿ ಉಣ್ಣುವಂತಿಲ್ಲ. ತಿನ್ನೋದೆಲ್ಲ ಮಣ್ಣಾದರೆ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು? ಕೂಸು ಅತ್ತು ಅತ್ತು ದನಿ ಸೋತಿತ್ತು. ತವರಿಗಾದರೂ ಕಳಿಸಿ ಅಂದರೆ, ದೆವ್ವಕ್ಕೆ ಹೆದರಿದರು ಅಂತ ಊರು ನಗುತ್ತೆ, ಬೇಡ ಅಂದನಂತೆ ಗೌಡ.

ನೀಲವ್ವನಿಗೆ ರೇಗಿತು. ಮಟಮಟ ಮಧ್ಯಾಹ್ನ ಗೋಡೆ ಮುಂದೆ ನಿಂತು, "ನೀನು ಯಾರಾದರೂ ಆಗಿರು. ನನ್ನ ಕೂಸು ನಿನಗೇನು ಮಾಡಿತು?" ಅಂದಳಂತೆ.

ಗೋಡೆ ಬೆವರಿತು. "ಕೂಸಿನ ಮೇಲೆ ಸಿಟ್ಟಿಲ್ಲ ಮಗಳೇ. ನನ್ನ ಎಲೆ ಎಲ್ಲಿ? ಎಬ್ಬಿಸಿದ ಕೈಯೇ ಬಡಿಸಲಿ. ಹೆಸರು ಹಿಡಿದು ಕರೆಯಲಿ."

ಸುದ್ದಿ ಗೌಡನಿಗೆ ಮುಟ್ಟಿತು. ದನದ ಕೊಟ್ಟಿಗೆಯಲ್ಲಿ ಎಲೆ ಹಾಕಿಸಿದ, ಮಣ್ಣು. ಆಳಿನ ತಲೆಗೆ ತನ್ನ ರುಮಾಲು ಸುತ್ತಿ ಅವನ ಕೈಯಿಂದ ಬಡಿಸಿಸಿದ, ಮಣ್ಣು. ಕೊನೆಗೆ ಹಲ್ಲು ಕಚ್ಚಿಕೊಂಡು ಪಡಸಾಲೆಯಲ್ಲಿ ತಾನೇ ಬಡಿಸಿ, ಊರವರ ಮುಂದೆ "ದೆವ್ವವೇ, ಬಂದು ಉಣ್ಣು" ಅಂದ. ಹೋಳಿಗೆ ಕೆಸರಾಗಿ ಹರಿದು ಅವನ ಕಾಲಿಗೇ ಬಂತಂತೆ.

"ಹೆಸರು ಹೇಳಿ ಮಾವ," ಅಂದಳು ನೀಲವ್ವ.

ಗೌಡನಿಗೆ ಹೆಸರು ಗೊತ್ತೇ ಇರಲಿಲ್ಲ.

"ಅವಳು ತುಳಿದ ಗೋಡೆಗೆ ಒರಗಿ ಕೂತಿದ್ದೀರಿ. ಹೆಸರು ಕೇಳಲಿಲ್ಲವಾ? ಹೋಗಿ, ಕೇಳಿಕೊಂಡು ಬನ್ನಿ."

ಗೌಡ ಗುಡಿಸಲುಗಳ ಕಡೆ ನಡೆದ. ಒಂದು ಬಾಗಿಲು ಹಾಕಿಕೊಂಡಿತು, ಇನ್ನೊಂದೂ ಹಾಕಿಕೊಂಡಿತು. ಕೊನೆಯ ಗುಡಿಸಲಿನ ಮುದುಕ, "ಕೇಳೋಕೆ ಈಗ ಬಂದೆಯಾ ಗೌಡ" ಅಂತ ಉಗಿದು, ಆಮೇಲೆ ಹೆಸರು ಹೇಳಿದನಂತೆ.

"ಓಬಳಕ್ಕ, ಮೊದಲ ಎಲೆ ನಿನ್ನದು, ಕೂತು ಉಣ್ಣವ್ವ" ಅಂತ ಗೌಡ ಬಗ್ಗಿ ಬಡಿಸಿದ. ಎಲೆ ಖಾಲಿಯಾಯಿತು. ಮತ್ತೆ ಬಡಿಸಿದ, ಮತ್ತೆ ಖಾಲಿ. "ತುಪ್ಪ" ಅಂತ ದನಿ ಬಂತು, ಓಡಿದ. "ಸಾರಿಗೆ ಉಪ್ಪಿಲ್ಲ" ಅಂತ ಬಂತು, ಓಡಿದ. ಹೊತ್ತು ಮುಳುಗೋವರೆಗೂ ಅವನ ಸೊಂಟ ನೆಟ್ಟಗಾಗಲು ಅವಳು ಬಿಡಲಿಲ್ಲವಂತೆ.

ಅವತ್ತು ನೀಲವ್ವನ ಬಾಯಲ್ಲಿ ಅನ್ನ ಅನ್ನವಾಗಿಯೇ ಉಳಿಯಿತು. ಕೆಲವೇ ದಿನದಲ್ಲಿ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಗೋಡೆಯ ಹೆಜ್ಜೆಗಳೆಲ್ಲ ಅಳಿದವು, ಒಂದು ಬಿಟ್ಟು. ಅದು ಗೌಡ ಊಟಕ್ಕೆ ಕೂರುವ ಜಾಗದ ಮೇಲೆ, ಸರಿಯಾಗಿ ಅವನ ನೆತ್ತಿಗೆ. ಎಷ್ಟು ಸುಣ್ಣ ಬಳಿದರೂ ಹೋಗಲಿಲ್ಲ. ಆಳುಕಾಳು ಉಂಡರಾ ಅಂತ ಕೇಳದೆ ಅವನು ತುತ್ತೆತ್ತಿದರೆ, ಮೇಲಿಂದ ಒಂದು ಚಿಟಿಕೆ ಮಣ್ಣು ಉದುರುತ್ತಿತ್ತಂತೆ.

ಅವಳು ಉಂಡು ಎದ್ದಳು, ನಾವು ಕೇಳಿ ಏಳೋಣ. ಇದೆಲ್ಲ ಸುಳ್ಳು ಅನ್ನುವವರು, ಒಮ್ಮೆ ತಲೆಯೆತ್ತಿ ಮೇಲೆ ನೋಡಿಕೊಂಡು ಉಣ್ಣಿ.