ಹಳದಿ ಗೆರೆಯಿಂದ ಹನ್ನೆರಡು ಹೆಜ್ಜೆ ಆಚೆ

ವಿಮಾನ ಹಾರಿಸುವವರ ಹೆಸರನ್ನು ಕೂತವರಿಗೆಲ್ಲ ಕೂಗಿ ಹೇಳುತ್ತಾರೆ. ಅದು ಇಳಿಯುವ ನೆಲವನ್ನು ಕಾಯುವವರ ಹೆಸರು ಯಾರಿಗೂ ಬೇಕಿಲ್ಲ.

ಬೇಕಾದವರು ಕೇಳಿಸಿಕೊಳ್ಳಿ. ಅವರ ಹೆಸರು ಅಡಿವೆಪ್ಪ. ಬಯಲುಸೀಮೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ, ರನ್‌ವೇ ಹತ್ತಿರ ಗಾಡಿ ಓಡಿಸುವವರಿಗೆಲ್ಲ ಅವರೇ ಗುರು. ಚಾಲಕರು ಅವರನ್ನು ಮಾಸ್ತರ್ ಅನ್ನುತ್ತಿದ್ದರು.

ಅವರ ಮೊದಲ ಪಾಠ ಒಂದೇ. ರನ್‌ವೇಗೆ ಹೋಗುವ ದಾರಿಯಲ್ಲಿ ಹಳದಿ ಗೆರೆ ಇದೆ. ವಿಮಾನಗಳ ಓಡಾಟ ನೋಡಿಕೊಳ್ಳುವ ಟವರ್‌ನವರು ಹೂಂ ಅನ್ನುವ ತನಕ ಅದರ ಈಚೆ ನಿಲ್ಲಬೇಕು.

ಒಂದು ಮುಂಜಾನೆ ಮಳೆ ಸುರಿಯುತ್ತಿತ್ತು. ಕಸ ಗುಡಿಸುವ ಗಾಡಿಯ ಮೌಲಾಲಿ ಗೆರೆ ಹುಡುಕುತ್ತಲೇ ಮುಂದೆ ಹೋದ. ಎದುರಿಗೆ ವಿಮಾನವೊಂದು ನೀರು ಚಿಮ್ಮಿಸುತ್ತ ಹಾದುಹೋಯಿತು. ಆಗ ಗೊತ್ತಾಯಿತು, ಗೆರೆ ಹಿಂದೆ ಉಳಿದಿದೆ ಅಂತ. ಗಾಡಿಯನ್ನು ಹಿಂದಕ್ಕೆ ತಂದು, ಮಾಸ್ತರ ಕೋಣೆಗೆ ಬಂದ.

"ಯಾರೂ ನೋಡಿಲ್ಲರಿ ಮಾಸ್ತರ. ಹೇಳಲೋ, ಬಿಡಲೋ?"

ಹೇಳಿದರೆ ಇಲ್ಲಿ ಗಾಡಿ ಓಡಿಸುವ ಪರವಾನಗಿ ಕಾರ್ಡು ಹೋಗುತ್ತದೆ. ಕಾರ್ಡು ಹೋದವನನ್ನು ಗುತ್ತಿಗೆದಾರ ಮರುದಿನವೇ ಮನೆಗೆ ಕಳಿಸುತ್ತಾನೆ. ಮೌಲಾಲಿ ಸೇರಿ ಮೂರು ತಿಂಗಳಾಗಿತ್ತು ಅಷ್ಟೇ.

ಅಡಿವೆಪ್ಪ ಟವರ್‌ಗೆ ಹೇಳಿ, ಅನುಮತಿ ಪಡೆದು, ಅವನನ್ನು ಅದೇ ಜಾಗಕ್ಕೆ ಕರೆದೊಯ್ದರು.

"ಗೆರೆ ತೋರಿಸು."

ಮೌಲಾಲಿ ನೆಲದತ್ತ ಬೆರಳು ಮಾಡಿದ. ಅಲ್ಲಿ ಏನೂ ಇರಲಿಲ್ಲ.

ಮಾಸ್ತರ್ ಹಿಂದಕ್ಕೆ ಹನ್ನೆರಡು ಹೆಜ್ಜೆ ನಡೆದು, ಮೊಣಕಾಲೂರಿ, ಹೆಗಲ ಮೇಲಿನ ಟವೆಲ್ಲಿನಿಂದ ನೆಲ ತಿಕ್ಕಿದರು. ಎರೆಮಣ್ಣಿನ ರಾಡಿಯ ಕೆಳಗೆ ಮಾಸಿದ ಹಳದಿ ಕಂಡಿತು.

ಚಹಾದ ಹೊತ್ತಿಗೆ ಅವರು ಚಾಲಕರನ್ನೆಲ್ಲ ಕೂರಿಸಿ ನಡೆದದ್ದನ್ನು ಹೇಳಿದರು. ಹಿರಿಯ ಚಾಲಕ ಯಮನೂರಪ್ಪ ನಕ್ಕ. "ಕಣ್ಣು ಮನ್ಯಾಗ ಇಟ್ಟು ಬಂದಿದ್ದೇನೋ ತಮ್ಮಾ?"

ಮಾಸ್ತರ್ ನಗಲಿಲ್ಲ. ಆ ಜಾಗದಲ್ಲಿ ಇನ್ನು ಯಾರು ಯಾರು ದಾಟಿದ್ದೀರಿ ಅಂತ ಕೇಳಿದರು.

ಮೊದಲು ಬಾಯಿ ಬಿಟ್ಟವನು ಯಮನೂರಪ್ಪನೇ.

"ಹೋದ ವರ್ಷ. ನಾನೂ."

ಆಮೇಲೆ ಇನ್ನಿಬ್ಬರು. ಒಬ್ಬೊಬ್ಬನೂ ಅದು ತನ್ನೊಬ್ಬನ ತಪ್ಪು ಅಂದುಕೊಂಡು ನುಂಗಿಕೊಂಡಿದ್ದ. ಸಾವು ಅಷ್ಟು ಸಲ ಪಕ್ಕದಲ್ಲೇ ಹಾದುಹೋಗಿತ್ತು. ಕಚೇರಿಯ ಗೋಡೆಯ ಮೇಲೆ ಮಾತ್ರ, ಒಂದು ತಪ್ಪೂ ನಡೆಯದ ನಿಲ್ದಾಣ ಎಂಬ ಫಲಕ ಹೊಳೆಯುತ್ತಿತ್ತು.

ಅಡಿವೆಪ್ಪ ಹಾಳೆ ತೆಗೆದು, ದಾಟಿದವರ ಹೆಸರುಗಳನ್ನೆಲ್ಲ ಬರೆದು ಮಡಚಿದರು. ಮೌಲಾಲಿಯನ್ನು ಜೊತೆಗೆ ಕರೆದುಕೊಂಡು ವ್ಯವಸ್ಥಾಪಕರ ಕೋಣೆಗೆ ಹೋದರು.

ವ್ಯವಸ್ಥಾಪಕರು ಹಾಳೆಯನ್ನು ಎರಡು ಸಲ ಓದಿದರು. ಕೆಟ್ಟವರೇನಲ್ಲ, ಹೆದರಿದವರು. ಅವತ್ತೇ ಗೆರೆಗೆ ಹೊಸ ಬಣ್ಣ ಬಳಿಸುವುದಾಗಿ, ಪಕ್ಕದಲ್ಲಿ ಕೆಂಪು ದೀಪ ಹಾಕಿಸುವುದಾಗಿ ಒಪ್ಪಿದರು. ಆದರೆ ಮೇಲಿನವರು ಯಾರ ಮೇಲೆ ಕ್ರಮ ಕೈಗೊಂಡಿರಿ ಅಂತ ಕೇಳುತ್ತಾರಲ್ಲ, ಒಬ್ಬನ ಕಾರ್ಡಾದರೂ ಕಿತ್ತುಕೊಂಡು ತೋರಿಸಬೇಕು ಅಂದರು. ಎಲ್ಲಾ ಕಡೆಯೂ ಹೀಗೆಯೇ. ಬಣ್ಣ ಬಳಿಯದೆ ಬಿಟ್ಟವನನ್ನು ಯಾರೂ ಕೇಳುವುದಿಲ್ಲ, ದಾಟಿದವನ ಹೆಸರು ಬೇಕು.

ವ್ಯವಸ್ಥಾಪಕರ ಕೈ ಹೊಸಬನ ಕಡೆಗೇ ಚಾಚಿತು.

ಮೌಲಾಲಿ ಕೊರಳಿನಿಂದ ಕಾರ್ಡು ತೆಗೆಯತೊಡಗಿದ.

ಅಷ್ಟರಲ್ಲಿ ಮೇಜಿನ ಮೇಲೆ ಇನ್ನೊಂದು ಕಾರ್ಡು ಬಿತ್ತು. ಅಂಚು ಸವೆದ ಹಳೆಯ ಕಾರ್ಡು, ಅಡಿವೆಪ್ಪನವರದು.

"ಮಾಸ್ತರ, ನೀವ್ಯಾಕೆ?" ಅಂದ ಮೌಲಾಲಿ.

ವ್ಯವಸ್ಥಾಪಕರು ಹಾಳೆಯನ್ನು ಅವನ ಕಡೆಗೆ ತಿರುಗಿಸಿದರು. ಪಟ್ಟಿಯ ಮೊದಲ ಹೆಸರು ಅಡಿವೆಪ್ಪ. ಪಕ್ಕದಲ್ಲಿ, ಒಂಬತ್ತು ವರ್ಷದ ಹಿಂದಿನ ಮಳೆಗಾಲ ಅಂತ ಬರೆದಿತ್ತು.

ಮೌಲಾಲಿ ಗುರುವಿನ ಮುಖ ನೋಡಿದ.

ಅಡಿವೆಪ್ಪ ಹೇಳಿದರು: "ಅವತ್ತು ನನ್ನನ್ನೂ ಯಾರೂ ನೋಡಿರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಅದಕ್ಕೇ ನೀವೆಲ್ಲ ದಾಟಿದಿರಿ."